ಸಿಡಿಲಿಗೆ ಮೂರನೇ ಮೋಡೆಮ್ ಹೋಯಿತು, ಮನೆ ತುಂಬ ರಜೆಯ ಮಕ್ಕಳು

ಮಾದಾಪುರದ ಅತ್ತೆ
ಏಪ್ರಿಲ್ 17, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇದನ್ನು ಕಣದ ಮೂಲೆಯಲ್ಲಿ ನೀರಿನ ತೊಟ್ಟಿಯ ಕಟ್ಟೆ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಇಲ್ಲಿ ಮಾತ್ರ, ಅದೂ ಎರಡು ಕಡ್ಡಿ. ಸೊಳ್ಳೆ ಬೇರೆ. ಅಕ್ಷರ ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ಮೊನ್ನೆ ಮಧ್ಯಾಹ್ನ ಮೂರೂವರೆಗೆ ಬಂದ ಗುಡುಗು ಮಳೆಗೆ ನಮ್ಮ ಮೋಡೆಮ್ ಹೋಯಿತು. ಬೆಂಕಿ ಗಿಂಕಿ ಏನಿಲ್ಲ. ಟಪ್ ಅಂತ ಒಂದು ಸದ್ದು, ಆಮೇಲೆ ಸೀದ ವಾಸನೆ, ದೀಪಗಳೆಲ್ಲ ಆರಿದವು. ಎರಡು ವರ್ಷದಲ್ಲಿ ಇದು ಮೂರನೆಯದು. ಈ ಸಲ ಜತೆಗೆ ಟಿವಿಯ ಸೆಟ್‌ಟಾಪ್ ಬಾಕ್ಸನ್ನೂ ಕರೆದುಕೊಂಡು ಹೋಗಿದೆ. ಮೊದಲ ಎರಡು ಹೋದಾಗ ನಮ್ಮದು ಹಳೆಯ ಟೆಲಿಫೋನ್ ತಂತಿಯ ಸಂಪರ್ಕ. 'ತಾಮ್ರದ ತಂತಿ ಅಲ್ವಾ ಮೇಡಂ, ಸಿಡಿಲು ಎಳೆಯುತ್ತೆ. ಫೈಬರ್ ಹಾಕಿಸಿ, ಗಾಜು, ಏನೂ ಆಗಲ್ಲ' ಎಂದರು ಇಂಟರ್‌ನೆಟ್ಟಿನ ಹುಡುಗರು. ಹಾಕಿಸಿದೆ. ರಸ್ತೆಯಿಂದ ಮನೆಯ ತನಕ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಬಂದರು. ಗಾಜಿನದೂ ಹೋಯಿತು. ಈಗ ಫೋನ್ ಮಾಡಿದರೆ 'ಸಿಡಿಲಿಗೆ ನಾವೇನು ಮಾಡೋಕಾಗುತ್ತೆ' ಅನ್ನುತ್ತಾರೆ. ಆ ಮಾತು ಸರಿಯೇ. ಆದರೆ ಮೊದಲು ಹೇಳಿದ್ದು ಬೇರೆ ಇತ್ತಲ್ಲ.

ಇನ್ನೊಂದು ವಿಚಿತ್ರ. ಸಿಡಿಲು ಹೊಡೆಯುವ ಹೊತ್ತಿಗೆ ಕರೆಂಟು ಹೋಗಿ ಹತ್ತು ನಿಮಿಷ ಆಗಿತ್ತು. ಮನೆ ನಡೆಯುತ್ತಿದ್ದದ್ದು ಇನ್ವರ್ಟರ್ ಮೇಲೆ. ಲೈನಲ್ಲಿ ಕರೆಂಟೇ ಇಲ್ಲದಾಗ ಸುಟ್ಟದ್ದು ಹೇಗೆ?

ಮನೆಯ ಪರಿಸ್ಥಿತಿ ಹೇಳುತ್ತೇನೆ, ಆಗ ನಿಮಗೆ ನನ್ನ ಅವಸರ ಅರ್ಥವಾದೀತು. ಮಗಳು ಬೆಂಗಳೂರಿನ ಒಂದು ಕಂಪನಿಗೆ ಮನೆಯಿಂದ ಕೆಲಸ ಮಾಡುತ್ತಾಳೆ. ಒಳಮನೆಯಲ್ಲಿ ಗಲಾಟೆ ಎಂದು ಗೋದಾಮಿನ ಪಕ್ಕದ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದಾಳೆ. ಮೋಡೆಮಿನಿಂದ ಅಲ್ಲಿಗೆ ಒಂದು ನೀಲಿ ವೈರ್ ಎಳೆದಿದ್ದೇವೆ, ಅಂಗಳದ ಮೇಲಿಂದ, ಬಟ್ಟೆ ಒಣಹಾಕುವ ತಂತಿಯ ಪಕ್ಕದಲ್ಲೇ. ಮೈಸೂರಿಂದ ನಾದಿನಿಯ ಮಕ್ಕಳಿಬ್ಬರು ರಜೆಗೆ ಬಂದಿದ್ದಾರೆ. ಹುಡುಗನಿಗೆ ಹದಿಮೂರು, ಹುಡುಗಿಗೆ ಒಂಬತ್ತು. ಮತ್ತೆ ನಮ್ಮ ಅತ್ತೆ, ಎಪ್ಪತ್ತೆಂಟು. ಅವರಿಗೆ ಸಂಜೆ ಏಳರಿಂದ ಒಂಬತ್ತರವರೆಗೆ ಧಾರಾವಾಹಿ ಬೇಕೇ ಬೇಕು. ಮಕ್ಕಳು ನನ್ನನ್ನು ಅತ್ತೆ ಎನ್ನುತ್ತಾರೆ, ನಾನು ಅವರ ಅಜ್ಜಿಯನ್ನು ಅತ್ತೆ ಎನ್ನುತ್ತೇನೆ. ಯಾರಾದರೂ 'ಅತ್ತೇ' ಎಂದರೆ ಇಬ್ಬರೂ ಓಗೊಡುತ್ತೇವೆ. ಈ ಮೂರು ದಿನದಲ್ಲಿ ಹಾಗೆ ಓಗೊಟ್ಟು ಓಗೊಟ್ಟು ನನಗೆ ಗಂಟಲು ನೋವು.

ಮೊದಲ ದಿನ ಸುಲಭವಾಗಿಯೇ ಕಳೆಯಿತು. ಮೆಣಸು ಕಣದಲ್ಲಿತ್ತು. ಮೋಡ ಕಂಡ ಕೂಡಲೇ ಬಾಚಿ ಗುಡ್ಡೆ ಮಾಡಿ ಟಾರ್ಪಾಲ್ ಹೊದೆಸುವ ಕೆಲಸಕ್ಕೆ ಮಕ್ಕಳನ್ನು ಹಚ್ಚಿದೆ, ಖುಷಿಯಿಂದ ಮಾಡಿದರು. ಎರಡನೇ ದಿನ ಅತ್ತೆ ಅಟ್ಟದಿಂದ ಅಳಗುಳಿ ಮಣೆ ಇಳಿಸಿದರು. ಹುಣಸೆ ಬೀಜ ಹಾಕಿ ಹುಡುಗನಿಗೆ ಆಟ ಹೇಳಿಕೊಟ್ಟರು. ಅರ್ಧ ಗಂಟೆಯಲ್ಲಿ ಅವನು ಮೋಸ ಮಾಡುವುದನ್ನು ಕಲಿತ, ಇನ್ನರ್ಧ ಗಂಟೆಯಲ್ಲಿ ಅತ್ತೆ ಅದನ್ನು ಕಂಡುಹಿಡಿದರು, ಆಟ ಮುಗಿಯಿತು. ಮೂರನೇ ದಿನ, ಅಂದರೆ ಇವತ್ತು, ಹುಡುಗಿ ಕಾಡುಮಾವಿನ ಹಣ್ಣು ಹೆಕ್ಕಲು ಹೋಗಿ ಸೊನೆ ಮುಖಕ್ಕೆ ಮೆತ್ತಿಕೊಂಡು ತುಟಿ ಊದಿಸಿಕೊಂಡು ಬಂದಳು. ನಾದಿನಿಗೆ ವಿಡಿಯೋ ಕರೆ ಮಾಡಲು ನೆಟ್ ಇಲ್ಲದ್ದು ಆ ಮಟ್ಟಿಗೆ ಪುಣ್ಯ.

ಪ್ರಶ್ನೆ ಎರಡು. ಒಂದು, ನಾಲ್ಕನೇ ಮೋಡೆಮ್ ತರುವ ಮೊದಲು ನಾನು ಏನು ಮಾಡಿಸಬೇಕು? ಎರಡು, ಈ ಮಕ್ಕಳನ್ನೂ ಅಜ್ಜಿಯನ್ನೂ ಒಟ್ಟಿಗೆ ಎಲ್ಲಿಗೆ ಕರೆದೊಯ್ಯಲಿ? ನಮ್ಮ ಬಳಿ ಇರುವುದು ಹಳೇ ಓಮ್ನಿ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಆಗದು. ಶನಿವಾರ ಭಾನುವಾರ ಬೇಡ, ರಾಜಾಸೀಟು ಕಡೆಯ ಟ್ರಾಫಿಕ್‌ನಲ್ಲಿ ನಿಂತು ನನಗೆ ಸಾಕಾಗಿದೆ. ಮಧ್ಯಾಹ್ನ ಮೂರರೊಳಗೆ ಮನೆ ಸೇರಬೇಕು, ಮೆಣಸು ಕಣದಲ್ಲಿದೆ.

ದಯವಿಟ್ಟು 'ಮೋಡೆಮ್ ಹೋದದ್ದೇ ಒಳ್ಳೆಯದಾಯಿತು, ಮಕ್ಕಳು ಮಣ್ಣಲ್ಲಿ ಆಡಲಿ' ಎಂದು ಯಾರೂ ಬರೆಯಬೇಡಿ. ನಮ್ಮ ಮನೆಯವರ ತಮ್ಮ ಅದನ್ನು ಆಗಲೇ ಹೇಳಿದ್ದಾನೆ, ಅವನ ಮನೆಯ ವೈಫೈ ಚೆನ್ನಾಗಿ ನಡೆಯುತ್ತಿದೆ.

ಹಳೇ ಮಡಿಕೇರಿ
ಏಪ್ರಿಲ್ 17, ರಾತ್ರಿ 10.15

ಅಕ್ಕಾ, ನೀವು ಬೇಡ ಎಂದರೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಬೇಸಿಗೆ ರಜೆ ಎಂದರೆ ಹೊಳೆ, ಮರ, ಹಲಸಿನ ಹಣ್ಣು. ಟಿವಿ ಇರಲಿಲ್ಲ, ಕರೆಂಟೇ ಇರಲಿಲ್ಲ. ನಾವು ಬೆಳೆಯಲಿಲ್ಲವೇ? ಒಂದು ತಿಂಗಳು ಹಾಗೇ ಬಿಟ್ಟುಬಿಡಿ.

ಮಾದಾಪುರದ ಅತ್ತೆ
ಏಪ್ರಿಲ್ 17, ರಾತ್ರಿ 10.20

ಬಿಡುತ್ತೇನೆ ಅಣ್ಣಾ. ಮಗಳ ಒಂದು ತಿಂಗಳ ಸಂಬಳ ನೀವು ಕಳಿಸಿಕೊಡಿ. ಅತ್ತೆಗೆ ಧಾರಾವಾಹಿಯ ಕತೆಯನ್ನು ಪ್ರತಿದಿನ ಫೋನಲ್ಲಿ ಹೇಳುವ ಜವಾಬ್ದಾರಿಯೂ ನಿಮ್ಮದೇ.

ಗೋಣಿಕೊಪ್ಪಲು ವೈರಿಂಗ್
ಏಪ್ರಿಲ್ 18, ಬೆಳಿಗ್ಗೆ 6.50

ಮೇಡಂ, ನಾನು ಇಪ್ಪತ್ತೆರಡು ವರ್ಷದಿಂದ ತೋಟದ ಮನೆಗಳ ವೈರಿಂಗ್ ಮಾಡುತ್ತಿದ್ದೇನೆ. ಮಾರ್ಚ್‌ನಿಂದ ಮೇವರೆಗೆ ನನ್ನ ಅರ್ಧ ಕೆಲಸ ಸಿಡಿಲಿನದೇ. ನೀವು ಬರೆದದ್ದರಲ್ಲೇ ಉತ್ತರ ಇದೆ, ಆ ನೀಲಿ ವೈರ್.

ಫೈಬರಿನವರು ಹೇಳಿದ್ದು ಸುಳ್ಳಲ್ಲ. ಗಾಜಿನ ಎಳೆಯಲ್ಲಿ ಹೋಗುವುದು ಬೆಳಕು, ಅದರಲ್ಲಿ ಕರೆಂಟು ಹರಿಯದು. ಆದರೆ ಮೋಡೆಮಿಗೆ ಬಾಗಿಲು ಒಂದೇ ಅಲ್ಲ. ಕರೆಂಟಿನ ಅಡಾಪ್ಟರ್ ಒಂದು, ಕಂಪ್ಯೂಟರಿಗೆ ಎಳೆಯುವ ಲ್ಯಾನ್ ವೈರ್ ಇನ್ನೊಂದು. ನಿಮ್ಮ ನೀಲಿ ವೈರ್ ಒಳಗೆ ಎಂಟು ತಾಮ್ರದ ಎಳೆ ಇವೆ, ಅಂಗಳದ ಮೇಲೆ ಬಯಲಲ್ಲಿ ತೂಗಾಡುತ್ತಿದೆ. ಸಿಡಿಲು ನಿಮ್ಮ ಮನೆಗೇ ಬೀಳಬೇಕಾಗಿಲ್ಲ. ಎದುರು ಗುಡ್ಡದ ಬರೆಯ ಮೇಲಿನ ಮರಕ್ಕೆ ಬಿದ್ದರೂ ಸಾಕು, ಹೀಗೆ ಉದ್ದಕ್ಕೆ ಎಳೆದ ತಂತಿಯಲ್ಲಿ ಒಂದು ಕ್ಷಣ ಸಾವಿರಾರು ವೋಲ್ಟ್ ಹುಟ್ಟಿಕೊಳ್ಳುತ್ತದೆ. ಮೋಡೆಮಿನ ಚಿಪ್ಪಿಗೆ ಬೇಕಾದದ್ದು ಕೆಲವೇ ವೋಲ್ಟ್. ಸೆಟ್‌ಟಾಪ್ ಬಾಕ್ಸಿಗೂ ಇದೇ ಕತೆ, ಛಾವಣಿ ಮೇಲಿನ ಡಿಶ್‌ನಿಂದ ಇಳಿದ ಕೇಬಲ್ಲೂ ತಾಮ್ರವೇ.

ಒಂದು ಪರೀಕ್ಷೆ ಮಾಡಿ. ಸತ್ತ ಮೋಡೆಮಿನ ಅಡಾಪ್ಟರನ್ನು ಎಸೆಯಬೇಡಿ. ಅಷ್ಟೇ ವೋಲ್ಟಿನ, ಅದೇ ಪಿನ್ನಿನ ಬೇರೆ ಯಾವುದಾದರೂ ಡಬ್ಬಿ ಇದ್ದರೆ ಅದಕ್ಕೆ ಹಾಕಿ ನೋಡಿ. ಅಡಾಪ್ಟರ್ ಬದುಕಿದ್ದರೆ ಏಟು ಬಂದದ್ದು ಹೆಚ್ಚಾಗಿ ನೀಲಿ ವೈರಿನಿಂದಲೇ. ಮಗಳ ಲ್ಯಾಪ್‌ಟಾಪಿಗೆ ಆ ವೈರ್ ಚುಚ್ಚಿತ್ತೇ? ಇಲ್ಲ ಅಂದುಕೊಳ್ಳುತ್ತೇನೆ, ಇದ್ದಿದ್ದರೆ ನಿಮ್ಮ ಪ್ರಶ್ನೆ ಬೇರೆ ಇರುತ್ತಿತ್ತು.

ಇನ್ವರ್ಟರ್ ವಿಷಯ. ಕರೆಂಟು ಹೋದಾಗ ಇನ್ವರ್ಟರ್ ಕರೆಂಟು ತರುವ ಫೇಸ್ ತಂತಿಯನ್ನು ಬೇರೆ ಮಾಡುತ್ತದೆ, ಆದರೆ ಹೆಚ್ಚಿನ ಮನೆಗಳಲ್ಲಿ ಅದು ವಾಪಸು ಹೋಗುವ ನ್ಯೂಟ್ರಲ್ ತಂತಿ ಹಾಗೇ ಕಂಬದ ತನಕ ಸೇರಿಕೊಂಡಿರುತ್ತದೆ. ಸಿಡಿಲಿಗೆ ಫೇಸ್ ಯಾವುದು ನ್ಯೂಟ್ರಲ್ ಯಾವುದು ಎಂಬ ಭೇದ ಇಲ್ಲ. ಹಾಗಾಗಿ 'ಇನ್ವರ್ಟರಲ್ಲಿ ಇದ್ದೇವೆ, ಏನೂ ಆಗದು' ಎಂಬ ಧೈರ್ಯ ಬೇಡ. ಸ್ವಿಚ್ ಆರಿಸಿದರೂ ಸಾಲದು, ಪ್ಲಗ್ಗನ್ನೇ ಕಿತ್ತು ಈಚೆ ಇಡಬೇಕು. ಮೈಲಿಗಟ್ಟಲೆ ಗಾಳಿ ದಾಟಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೂದಲೆಳೆ ಅಂತರ ಯಾವ ಲೆಕ್ಕ?

ಮಾಡಿಸಬೇಕಾದದ್ದರಲ್ಲಿ ಮೊದಲನೆಯದು ಅರ್ತಿಂಗ್, ಅಂದರೆ ಹೆಚ್ಚಿನ ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ. ನಮ್ಮಲ್ಲಿ ತಮಾಷೆ ಏನೆಂದರೆ ಗುಡುಗು ಹೆಚ್ಚು ಇರುವ ಏಪ್ರಿಲ್ ತಿಂಗಳಲ್ಲೇ ಮಣ್ಣು ಒಣಗಿರುತ್ತದೆ, ಒಣ ಮಣ್ಣಿಗೆ ಕರೆಂಟು ಇಳಿಯುವುದು ಕಷ್ಟ. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ತ್ ಗುಂಡಿ ಬೇಸಿಗೆಯಲ್ಲಿ ಬರೀ ಅಲಂಕಾರ. ನಿಮ್ಮ ಗುಂಡಿ ಎಲ್ಲಿದೆ ಎಂದು ಹುಡುಕಿ (ಹೆಚ್ಚಿನವರಿಗೆ ಗೊತ್ತೇ ಇರುವುದಿಲ್ಲ, ಮೇಲೆ ಕ್ರೋಟನ್ ಗಿಡ ಬೆಳೆಸಿರುತ್ತಾರೆ). ಪಾತ್ರೆ ತೊಳೆದ ನೀರು ಹೋಗುವ ಕಾಲುವೆಯನ್ನು ಅತ್ತ ತಿರುಗಿಸಿ. ಎಷ್ಟು ಓಮ್ ಇದೆ ಎಂದು ಮೀಟರ್ ಹಿಡಿದು ಅಳೆಯುವವರನ್ನೇ ಕರೆಸಿ, ನೋಡಿದ ಕೂಡಲೇ 'ಸರಿ ಇದೆ' ಎನ್ನುವವರು ಬೇಡ. ಆಮೇಲೆ ಮೀಟರ್ ಬೋರ್ಡಿನಲ್ಲಿ, ಏಕಾಏಕಿ ಏರಿದ ವೋಲ್ಟನ್ನು ಅರ್ತಿಗೆ ದಾಟಿಸುವ ಒಂದು ಸರ್ಜ್ ಪ್ರೊಟೆಕ್ಟರ್ ಕೂರಿಸಿ, ಅದರಿಂದ ಅರ್ತ್ ಪಟ್ಟಿಗೆ ಹೋಗುವ ತಂತಿ ಅರ್ಧ ಮೀಟರಿಗಿಂತ ಉದ್ದ ಇರಬಾರದು. ಅರ್ತ್ ಸರಿ ಇಲ್ಲದೆ ಇದನ್ನು ಹಾಕಿಸಿದರೆ ದುಡ್ಡು ದಂಡ. ಅಂಗಡಿಯಲ್ಲಿ ಸ್ಪೈಕ್ ಬಸ್ಟರ್ ಎಂದು ಕೊಡುವ ಪಟ್ಟಿಗಳಲ್ಲಿ ಕೆಲವು ಬರೀ ಎಕ್ಸ್‌ಟೆನ್ಷನ್ ಬಾಕ್ಸ್. ನಿಜವಾದದ್ದರ ಒಳಗೆ ಇರುವ ಬಿಲ್ಲೆಯೂ ಪ್ರತಿ ಏಟಿಗೆ ಸ್ವಲ್ಪ ಸವೆಯುತ್ತದೆ, ಅದು ಜೀವಮಾನಕ್ಕೆ ಬರುವುದಲ್ಲ.

ನೀಲಿ ವೈರನ್ನು ಮಾತ್ರ ಇವತ್ತೇ ಇಳಿಸಿ. ಗೋದಾಮಿಗೆ ನೆಟ್ ಬೇಕಿದ್ದರೆ ಆ ದೂರಕ್ಕೂ ಫೈಬರ್ ತುಂಡು ಎಳೆದು ಎರಡು ತುದಿಗೆ ಬೆಳಕನ್ನು ಲ್ಯಾನ್ ವೈರಿಗೆ ಹೊಂದಿಸುವ ಕನ್ವರ್ಟರ್ ಹಾಕಬಹುದು. ಅದಕ್ಕಿಂತ ಸುಲಭ, ಮೋಡೆಮನ್ನು ಅಂಗಳದ ಕಡೆಯ ಕಿಟಕಿಗೆ ತಂದು 2.4 ಗಿಗಾಹರ್ಟ್ಸ್‌ನಲ್ಲಿ ಕೊಡಿ. 5 ವೇಗದ್ದು, ಆದರೆ ಗೋಡೆ ದಾಟಲು ಸೋಮಾರಿ. ನಿಮ್ಮದು ಕಲ್ಲು ಗೋಡೆಯ ಹಳೇ ಮನೆಯಾಗಿದ್ದರೆ ಕಿಟಕಿಯೇ ಗತಿ.

ಕೋಟೆ ಬಾಗಿಲು
ಏಪ್ರಿಲ್ 18, ಮಧ್ಯಾಹ್ನ 1.30

ಎರಡನೇ ಪ್ರಶ್ನೆಗೆ ನಾನು. ಮಡಿಕೇರಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಮಕ್ಕಳನ್ನು ಸಾಲು ಮಾಡಿ ಕರೆದೊಯ್ದು ಅನುಭವ ಇದೆ.

ಏಪ್ರಿಲ್‌ನಲ್ಲಿ ಜಲಪಾತಗಳನ್ನು ಪಟ್ಟಿಯಿಂದ ತೆಗೆಯಿರಿ. ಅಬ್ಬಿಯಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ, ಮಲ್ಲಳ್ಳಿಗೆ ಇಳಿಯುವ ಮೆಟ್ಟಿಲು ನಿಮ್ಮ ಅತ್ತೆಗೆ ಆಗದು, ಇಳಿದರೂ ಹತ್ತಬೇಕು. ಮಾಂದಲಪಟ್ಟಿಯ ಜೀಪು ಪ್ರಯಾಣ ಅವರ ಮಂಡಿಯ ಜತೆ ಸೊಂಟವನ್ನೂ ಕೇಳುತ್ತದೆ. ಚಿಕ್ಲಿಹೊಳೆ ಜಲಾಶಯ ನಿಮಗೆ ಹತ್ತಿರ, ಸುಂಟಿಕೊಪ್ಪ ದಾಟಿದರೆ ಆಯಿತು. ಆದರೆ ಅರ್ಧಚಂದ್ರದ ಕಟ್ಟೆಯ ಮೇಲಿಂದ ನೀರು ಸುತ್ತಲೂ ಧುಮುಕುವ ಆ ಚಿತ್ರ ಮಳೆಗಾಲದ್ದು. ಈಗ ಹೋದರೆ ಬುತ್ತಿ ಬಿಚ್ಚಿ ಉಣ್ಣಲು ಗಾಳಿ ಚೆನ್ನಾಗಿದೆ, ಅಷ್ಟೆ.

ನಾನಾದರೆ ಮೊದಲು ಮಡಿಕೇರಿಗೇ ಬರುತ್ತೇನೆ, ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಒಂಬತ್ತಕ್ಕೆ. ಜನ ರಾಜಾಸೀಟಿಗೆ ಓಡುತ್ತಾರೆ, ಕೋಟೆಯನ್ನು ಬಿಡುತ್ತಾರೆ. ಕೋಟೆಯೊಳಗೆ ಗಾರೆಯ ಎರಡು ಆನೆಗಳು ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು. ಒಂಬತ್ತು ವರ್ಷದ ಮಗುವಿಗೆ ಅವುಗಳ ಹೊಟ್ಟೆಯ ಕೆಳಗೆ ನಿಲ್ಲುವುದೇ ಒಂದು ಸಂಭ್ರಮ. ಅಲ್ಲೇ ಹಳೆಯ ಇಂಗ್ಲಿಷ್ ಚರ್ಚಿನ ಕಟ್ಟಡದಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಚರ್ಚಿನ ಬಣ್ಣದ ಗಾಜಿನ ಕೆಳಗೆ ವೀರಗಲ್ಲು, ಜೈನ ಮೂರ್ತಿಗಳು ಕೂತಿರುವುದನ್ನು ನನ್ನ ವಿದ್ಯಾರ್ಥಿಗಳು ಪ್ರತಿವರ್ಷ 'ಇದು ಯಾಕೆ ಹೀಗೆ' ಎಂದು ಕೇಳುತ್ತಾರೆ. ಆ ಪ್ರಶ್ನೆ ಕೇಳಿಸಲಿಕ್ಕೇ ಕರೆದೊಯ್ಯುತ್ತೇನೆ.

ಅಲ್ಲಿಂದ ಓಂಕಾರೇಶ್ವರ. 1820ರಲ್ಲಿ ಎರಡನೇ ಲಿಂಗರಾಜ ಕಟ್ಟಿಸಿದ್ದು, ಶಿವನ ಗುಡಿಗೆ ಮಸೀದಿಯ ಹಾಗೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಅತ್ತೆಯವರು ಕಲ್ಯಾಣಿಯ ಪಕ್ಕ ಕೂತು ಮೀನು ನೋಡಲಿ. ಹುಡುಗನನ್ನು ಜನರಲ್ ತಿಮ್ಮಯ್ಯ ಮ್ಯೂಸಿಯಂಗೆ ಬಿಡಿ. ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯನವರು 1906ರಲ್ಲಿ ಹುಟ್ಟಿದ್ದು ಮಡಿಕೇರಿಯಲ್ಲೇ. ಅವರ ಸನ್ನಿಸೈಡ್ ಮನೆಯನ್ನೇ 2021ರಲ್ಲಿ ಮ್ಯೂಸಿಯಂ ಮಾಡಿ ತೆರೆದರು. ಹೊರಗೆ ಯುದ್ಧಟ್ಯಾಂಕ್ ಇದೆ, ಆ ವಯಸ್ಸಿನ ಹುಡುಗರು ಅದನ್ನು ಬಿಟ್ಟು ಅಲ್ಲಾಡುವುದಿಲ್ಲ. ಒಳಗೆ ಹೋಗುವ ಮೊದಲು ಒಂದು ಮಾತು ಹೇಳಿಡಿ: ಕೊರಿಯಾ ಯುದ್ಧ ಮುಗಿದಾಗ ತಮ್ಮ ದೇಶಕ್ಕೆ ಹೋಗಲೊಲ್ಲೆ ಎಂದ ಸಾವಿರಾರು ಕೈದಿಗಳನ್ನು ಏನು ಮಾಡುವುದು ಎಂಬ ತಲೆನೋವನ್ನು ಜಗತ್ತು ಒಪ್ಪಿಸಿದ್ದು ಈ ಮನೆಯವರ ಕೈಗೆ. ಆಮೇಲೆ ಅವನೇ ಹುಡುಕಿಕೊಳ್ಳುತ್ತಾನೆ.

ಇನ್ನೊಂದು ದಿನಕ್ಕೆ ಕುಶಾಲನಗರ ಕಡೆ. ದುಬಾರೆ ಆನೆ ಶಿಬಿರಕ್ಕೆ ಹೋಗುವುದಾದರೆ ಆನೆ ಸ್ನಾನದ ಹೊತ್ತಿಗೆ, ಅಂದರೆ ಬೆಳಿಗ್ಗೆಯೇ. ಬೇಸಿಗೆಯಲ್ಲಿ ನೀರು ಇಳಿದು ಬಂಡೆ ಹಾರುತ್ತ ಹೊಳೆ ದಾಟುವವರನ್ನು ನೋಡುತ್ತೀರಿ, ನೀವು ಹಾಗೆ ಮಾಡಬೇಡಿ. ಕಾವೇರಿ ಬೇಸಿಗೆಯಲ್ಲಿ ಮೊಣಕಾಲುದ್ದ ಕಾಣುತ್ತಾಳೆ, ಮುಂದಿನ ಹೆಜ್ಜೆಗೆ ಗುಂಡಿ. ಪ್ರತಿ ಬೇಸಿಗೆ ಯಾವುದಾದರೂ ಊರಿನ ಮಕ್ಕಳ ಸುದ್ದಿ ಬರುತ್ತದೆ. ಅಜ್ಜಿಯ ಜತೆಗಾದರೆ ನಿಸರ್ಗಧಾಮ ಹಿತ, ಬಿದಿರಿನ ನೆರಳು, ನಡೆಯಲು ಸಮತಟ್ಟು. ತೂಗುಸೇತುವೆಯ ಮೇಲೆ ಹುಡುಗ ಕುಣಿಯದಂತೆ ನೋಡಿಕೊಳ್ಳಿ. ಕುಶಾಲನಗರ ದಾಟಿದರೆ ಬೈಲಕುಪ್ಪೆಯ ಚಿನ್ನದ ಗುಡಿ ಸಿಗುತ್ತದೆ. ಅದು ಮೈಸೂರು ಜಿಲ್ಲೆಗೆ ಸೇರಿದ್ದು, ನಿಮ್ಮ ಮಕ್ಕಳು ಬರುವ ದಾರಿಯಲ್ಲೇ ನೋಡಿರುತ್ತಾರೆ.

ನಾಲ್ಕುನಾಡು
ಏಪ್ರಿಲ್ 18, ಸಂಜೆ 7.05

ಟೀಚರ್ ಒಂದು ಮರೆತರು. ಏಪ್ರಿಲ್‌ನಲ್ಲಿ ಕೊಡಗಿಗೆ ಬಂದ ಹುಡುಗನನ್ನು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಕರೆದೊಯ್ಯದೆ ಕಳಿಸುವುದುಂಟೇ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಮ್ಮ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್ ನಡೆದಾಗ 360. ಗಿನ್ನೆಸ್‌ನವರು ಬಂದು ಬರೆದುಕೊಂಡು ಹೋದರು. ಪ್ರತಿವರ್ಷ ಬೇರೆ ಕುಟುಂಬ ನಡೆಸುತ್ತದೆ, ಜಾಗವೂ ಬದಲಾಗುತ್ತದೆ, ಈ ಸಲ ಎಲ್ಲಿ ಎಂದು ಪೇಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಫೈನಲ್ ಬೇಡ, ನಿಲ್ಲಲು ಜಾಗ ಸಿಗದು. ಮೊದಲ ಸುತ್ತಿನ ವಾರದ ದಿನ ಹೋಗಿ. ಒಂದೇ ತಂಡದಲ್ಲಿ ದೊಡ್ಡಪ್ಪ, ಸೊಸೆ, ಶಾಲೆಗೆ ಹೋಗುವ ಹುಡುಗ ಆಡುವುದು ಅಲ್ಲಿ ಮಾತ್ರ ಕಾಣುವುದು. ದೊಡ್ಡಪ್ಪ ಓಡಲಾಗದೆ ಗೋಲಿನ ಹತ್ತಿರವೇ ನಿಂತಿರುತ್ತಾರೆ, ಗೋಲು ಹೊಡೆಯುವವರೂ ಅವರೇ.

ಗೋಣಿಕೊಪ್ಪಲು ವೈರಿಂಗ್
ಏಪ್ರಿಲ್ 18, ರಾತ್ರಿ 8.30

ನಾಲ್ಕುನಾಡು ಅಣ್ಣಾ, ಮೈದಾನದಲ್ಲಿ ಗುಡುಗಿದರೆ ಗ್ಯಾಲರಿಯ ತಗಡಿನ ಕೆಳಗೆ ನಿಲ್ಲಬೇಡಿ ಎಂದೂ ಹೇಳಿ. ಕಾರಿನೊಳಗೆ ಕೂರುವುದೇ ವಾಸಿ. ಮೇಡಂ, ನಿಮ್ಮ ಮೊಬೈಲಿಗೆ 'ದಾಮಿನಿ' ಆ್ಯಪ್ ಹಾಕಿಕೊಳ್ಳಿ. ಪುಣೆಯ ಹವಾಮಾನ ಸಂಸ್ಥೆಯವರದ್ದು, ಸುತ್ತ 20 ಮತ್ತು 40 ಕಿಲೋಮೀಟರ್ ದೂರದೊಳಗೆ ಸಿಡಿಲಿದ್ದರೆ ತೋರಿಸುತ್ತದೆ. ಅದಕ್ಕೂ ನೆಟ್ ಬೇಕು, ತೊಟ್ಟಿಕಟ್ಟೆಗೇ ಹೋಗಬೇಕು ಅನ್ನುತ್ತೀರಿ. ಹಾಗಾದರೆ ಹುಡುಗನಿಗೆ ಒಂದು ಕೆಲಸ ಕೊಡಿ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಲಿ, ಗುಡುಗು ಕೇಳಿದಾಗ ನಿಲ್ಲಿಸಲಿ. ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಕಿಲೋಮೀಟರ್. ಎಣಿಕೆ ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಪ್ಲಗ್ ಕೀಳುವ ಹೊತ್ತೆಲ್ಲ ಮುಗಿದಿದೆ, ಒಳಗೆ ಕೂರಬೇಕು. ಪ್ಲಗ್ ಅದಕ್ಕೂ ಮೊದಲೇ ಕೀಳಬೇಕು.

ಮಾದಾಪುರದ ಅತ್ತೆ
ಏಪ್ರಿಲ್ 29, ಬೆಳಿಗ್ಗೆ 11.10

ತಡವಾಯಿತು, ಕ್ಷಮಿಸಿ. ಇದನ್ನು ಒಳಮನೆಯಲ್ಲಿ, ಫ್ಯಾನ್ ಕೆಳಗೆ ಕೂತು ಬರೆಯುತ್ತಿದ್ದೇನೆ ಎಂದರೆ ನಿಮಗೆ ಗೊತ್ತಾಗಿರಬೇಕು.

ವೈರಿಂಗ್ ಅಣ್ಣಾ, ಅಡಾಪ್ಟರ್ ಬದುಕಿತ್ತು! ಹಳೆಯ ಸತ್ತ ಮೋಡೆಮಿನ ಗೂಡಿನಲ್ಲೇ ಇನ್ನೊಂದು ಡಬ್ಬಿ ಸಿಕ್ಕಿತು, ಹಾಕಿದರೆ ದೀಪ ಬಂತು. ಹಾಗಾದರೆ ಮೂರು ಮೋಡೆಮಿನಲ್ಲಿ ಒಂದನ್ನಾದರೂ ಕೊಂದದ್ದು ನಮ್ಮ ಮನೆಯವರು ಕೈಯಾರೆ ಎಳೆದ ನೀಲಿ ವೈರ್. ಅವರಿಗೆ ಹೇಳಿದೆ. 'ಬಟ್ಟೆ ತಂತಿ ಇರಲಿ ಅಲ್ವಾ' ಎಂದರು. ಅದು ಇರಲಿ. ಮಗಳ ಲ್ಯಾಪ್‌ಟಾಪಿಗೆ ಅವತ್ತು ವೈರ್ ಚುಚ್ಚಿರಲಿಲ್ಲ, ಚಾರ್ಜಿಗೆ ಇಡಲೆಂದು ಅವಳು ಒಳಗೆ ತಂದಿದ್ದಳು. ಹದಿನೈದು ನಿಮಿಷದ ಅಂತರ.

ಅರ್ತ್ ಗುಂಡಿ ಹುಡುಕಲು ಅರ್ಧ ದಿನ ಹಿಡಿಯಿತು. ನೀವು ಕ್ರೋಟನ್ ಎಂದಿದ್ದಿರಿ, ನಮ್ಮದರ ಮೇಲೆ ಅತ್ತೆಯ ದಾಸವಾಳ ಇತ್ತು. ಅದನ್ನು ಕೀಳಲು ಅವರು ಬಿಡಲಿಲ್ಲ, ಪಕ್ಕದಲ್ಲೇ ಹೊಸದು ತೋಡಿಸಿದೆವು. ಸೋಮವಾರಪೇಟೆಯಿಂದ ಬಂದ ಹುಡುಗ ಮೀಟರ್ ಹಿಡಿದು ಅಳೆದ, ಹಳೆಯದರ ಅಂಕಿ ನೋಡಿ ನಕ್ಕ. ಈಗ ಅಡುಗೆಮನೆ ನೀರು ಅಲ್ಲಿಗೇ ಹೋಗುತ್ತದೆ, ದಾಸವಾಳಕ್ಕೂ ಲಾಭ.

ಪ್ಲಗ್ ಕೀಳುವ ಕೆಲಸವನ್ನು ಹುಡುಗನಿಗೆ ಕೊಟ್ಟೆ. ಇಷ್ಟು ಶ್ರದ್ಧೆಯಿಂದ ಮಾಡುತ್ತಾನೆಂದು ತಿಳಿದಿದ್ದರೆ ಕೊಡುತ್ತಿರಲಿಲ್ಲ. ಮಿಂಚು ಎಣಿಸಲು ಒಂದು ನೋಟ್‌ಬುಕ್ ಮಾಡಿದ್ದಾನೆ, ದಿನ, ಹೊತ್ತು, ಸೆಕೆಂಡು, ಎಷ್ಟು ಕಿಲೋಮೀಟರ್, ಯಾವ ದಿಕ್ಕು. 'ಕೋಟೆಬೆಟ್ಟದ ಕಡೆ, ಆರು' ಎಂದು ಕೂಗುತ್ತಾನೆ. ತಂಗಿ ಟಿವಿಯ ಪ್ಲಗ್ ಕೀಳುತ್ತಾಳೆ. ಕಳೆದ ಗುರುವಾರ ಎಲ್ಲ ಕಿತ್ತ, ಫ್ರಿಜ್ಜಿನದೂ. ಮಳೆ ನಿಂತ ಮೇಲೆ ಎಲ್ಲ ಹಾಕಿದ, ಫ್ರಿಜ್ಜಿನದನ್ನು ಬಿಟ್ಟು. ಮರುದಿನ ಮಧ್ಯಾಹ್ನ ಬಾಗಿಲು ತೆರೆದಾಗ ಎರಡು ಕೆಜಿ ಮತ್ತಿ ಮೀನು ಪರಿಮಳ ಬೀರುತ್ತಿತ್ತು. ಅವನ ನೋಟ್‌ಬುಕ್ಕಿನಲ್ಲಿ ಅದೂ ದಾಖಲಾಗಿದೆ: 'ಫ್ರಿಜ್ – ಮರೆತೆ.'

ಮಡಿಕೇರಿಗೆ ಹೋಗಿ ಬಂದೆವು ಟೀಚರ್. ಆನೆ ಹೊಟ್ಟೆಯ ಕೆಳಗೆ ಹುಡುಗಿ ನಿಂತಳು, ಅಷ್ಟೇ ಅಲ್ಲ, ನನ್ನನ್ನೂ ನಿಲ್ಲಿಸಿದಳು. ಮ್ಯೂಸಿಯಮ್ಮಿನಲ್ಲಿ ಹುಡುಗ ಟ್ಯಾಂಕಿನ ಸುತ್ತ ಎಷ್ಟು ಸುತ್ತು ಹಾಕಿದನೋ. ಒಳಗೆ ಹೋದವನು ಕೊರಿಯಾದ ಕೈದಿಗಳು ಕೊನೆಗೆ ಎಲ್ಲಿಗೆ ಹೋದರು ಎಂದು ನನ್ನನ್ನು ಕೇಳಿದ. ನೀವು ಅದನ್ನು ಹೇಳಿಕೊಟ್ಟಿರಲಿಲ್ಲವಲ್ಲ! ಅಲ್ಲಿಯ ಸಿಬ್ಬಂದಿಯನ್ನು ಕೇಳು ಎಂದು ಕಳಿಸಿ ಪಾರಾದೆ. ಅತ್ತೆಗೆ ಓಂಕಾರೇಶ್ವರದ ಮೀನು ಇಷ್ಟವಾಯಿತು, ಕಲ್ಯಾಣಿ ಕಟ್ಟೆಯಿಂದ ಏಳಲೊಲ್ಲರು. ಮದುವೆಯಾದ ವರ್ಷ ಬಂದದ್ದಂತೆ, ಆಮೇಲೆ ಇದೇ ಎರಡನೇ ಸಲ. ನಮ್ಮೂರಿಂದ ಮಡಿಕೇರಿ ಎಷ್ಟು ದೂರ ಹೇಳಿ! ಮಾವನವರು ಮೆಣಸು ಮಾರಲು ಒಬ್ಬರೇ ಹೋಗುತ್ತಿದ್ದರಂತೆ.

ವಾಪಸು ಮಕ್ಕಂದೂರು, ಹಟ್ಟಿಹೊಳೆ ದಾರಿಯಲ್ಲಿ ಬಂದೆವು. 2018ರಲ್ಲಿ ಬರೆ ಕುಸಿದ ಜಾಗಗಳನ್ನು ಮಕ್ಕಳಿಗೆ ತೋರಿಸುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅತ್ತೆಯೇ ಕಿಟಕಿಯಿಂದ ಕೈ ಚಾಚಿ ಇಲ್ಲಿ ಯಾರ ಮನೆ ಇತ್ತು, ಅಲ್ಲಿ ಯಾರ ಏಲಕ್ಕಿ ಇತ್ತು ಎಂದು ಒಂದೊಂದೇ ಹೇಳುತ್ತ ಬಂದರು. ಈಗ ಅಲ್ಲೆಲ್ಲ ಹಸಿರು ಬಂದುಬಿಟ್ಟಿದೆ, ಗೊತ್ತಿಲ್ಲದವರಿಗೆ ಬರೀ ಗುಡ್ಡ. ಹುಡುಗ ಏನೂ ಕೇಳಲಿಲ್ಲ. ಮನೆ ತಲುಪಿದಾಗ ಎರಡೂ ಮುಕ್ಕಾಲು, ಮೆಣಸು ಬಾಚುವಷ್ಟು ಹೊತ್ತು ಸಿಕ್ಕಿತು.

ಹಾಕಿ ಇನ್ನೂ ಆಗಿಲ್ಲ, ಈ ವಾರ ಮನೆಯವರು ಕರೆದೊಯ್ಯುತ್ತಾರಂತೆ. ಅವರಿಗೇ ಆಸೆ, ಮಕ್ಕಳ ಹೆಸರು ಹೇಳುತ್ತಾರೆ.

ನೆಟ್ ಇಲ್ಲದ ಆ ಒಂದು ವಾರ ನಮ್ಮನ್ನು ಕಾಪಾಡಿದ್ದು ಅತ್ತೆಯ ಹಳೇ ರೇಡಿಯೋ. ಮಡಿಕೇರಿ ಆಕಾಶವಾಣಿ 103.1, ಎರಡು ಸೆಲ್ ಹಾಕಿದರೆ ಸಿಡಿಲಿಗೂ ಹೆದರದು. ಹುಡುಗಿಗೆ ಅದರಲ್ಲಿ ಬೇಕಾದ ಹಾಡನ್ನು ನಾವು ಆರಿಸುವಂತಿಲ್ಲ ಎಂಬುದೇ ಆಶ್ಚರ್ಯ. 'ಮುಂದಿನದು ಏನು ಬರುತ್ತೆ ಅಂತ ಅವರಿಗೆ ಮಾತ್ರ ಗೊತ್ತಾ?' ಎಂದಳು. ಹಳೇ ಮಡಿಕೇರಿ ಅಣ್ಣ ಇದನ್ನು ಓದಿ ಹಿಗ್ಗಬೇಡಿ. ವೈಫೈ ಬಂದ ಗಳಿಗೆಯಿಂದ ರೇಡಿಯೋ ಮತ್ತೆ ಅಟ್ಟದಲ್ಲಿದೆ.

ಇನ್ನೊಂದು ಚಿಕ್ಕ ತೊಂದರೆ ಉಳಿದಿದೆ. ಹೊಸ ಸೆಟ್‌ಟಾಪ್ ಬಾಕ್ಸ್ ಬರುವ ತನಕ ಇರಲಿ ಎಂದು ಮಗಳು ಅತ್ತೆಗಾಗಿ ಕೆಲವು ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿದಳು, ನಮ್ಮ ಮದುವೆಯದು, ನಾದಿನಿ ಮದುವೆಯದು. ಸಣ್ಣವು ಹೋಗುತ್ತವೆ, ನಮ್ಮ ಮದುವೆಯದು ದೊಡ್ಡ ಕಡತ, ಅದನ್ನು ಪೆನ್‌ಡ್ರೈವ್ ತೆಗೆದುಕೊಳ್ಳುವುದೇ ಇಲ್ಲ. ಜಾಗ ಇಲ್ಲ ಅನ್ನುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಇದೆ. ಅತ್ತೆಗೆ ಬೇಕಾದದ್ದು ಅದೇ. ಅದರಲ್ಲಿ ಮಾವನವರು ನಡೆದಾಡುತ್ತಾರೆ.

ಗೋಣಿಕೊಪ್ಪಲು ವೈರಿಂಗ್
ಏಪ್ರಿಲ್ 29, ಮಧ್ಯಾಹ್ನ 12.45

ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೇ ಪದ್ಧತಿಯಲ್ಲಿದೆ ಮೇಡಂ. ಅದರಲ್ಲಿ ಎಷ್ಟು ಜಾಗ ಇದ್ದರೂ ಒಂದೊಂದು ಕಡತ 4 ಜಿಬಿ ಮೀರುವಂತಿಲ್ಲ. ಒಳಗಿರುವುದನ್ನೆಲ್ಲ ಮೊದಲು ಲ್ಯಾಪ್‌ಟಾಪಿಗೆ ತೆಗೆದಿಟ್ಟು, ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಲು ಮಗಳಿಗೆ ಹೇಳಿ. ಟಿವಿ ಅದನ್ನು ಓದದಿದ್ದರೆ ಎನ್‌ಟಿಎಫ್‌ಎಸ್. ಅದೂ ಆಗದಿದ್ದರೆ ವಿಡಿಯೋವನ್ನೇ ಎರಡು ತುಂಡು ಮಾಡಲಿ, ಊಟದ ತನಕ ಒಂದು, ಊಟ ಆದ ಮೇಲೆ ಒಂದು.

ಮಾದಾಪುರದ ಅತ್ತೆ
ಏಪ್ರಿಲ್ 29, ರಾತ್ರಿ 8.20

ಎನ್‌ಟಿಎಫ್‌ಎಸ್‌ನಲ್ಲಿ ಓದಿತು. ಮೂರನೇ ಸಲ ನೋಡುತ್ತಿದ್ದಾರೆ. ಮಾವನವರು ಚಪ್ಪರದ ಹೊರಗೆ ಬಂದು ಯಾರಿಗೋ ಎಲೆಯಡಿಕೆ ಕೊಡುವಲ್ಲಿಗೆ ಬಂದಾಗಲೆಲ್ಲ 'ಅತ್ತೇ' ಎಂದು ಹುಡುಗನನ್ನು ಕೂಗಿಸಿ ನನ್ನನ್ನು ಕರೆಸುತ್ತಾರೆ, ಹಿಂದಕ್ಕೆ ಹೋಗುವ ಬಟನ್ ಯಾವುದೆಂದು ತೋರಿಸಲು.